ಬೈರಾಸಿನ ಕೆಳಗೆ ನೀಲಿ ಗಾಳಿ

"ಲ್ಯಾಪ್‌ಟಾಪಿಗೆ ಸೆಕೆ ಆಗ್ತಾ ಉಂಟು ಮಾಷ್ಟ್ರೇ. ಊಟ ಆಗಿ ಬನ್ನಿ."

ಏಪ್ರಿಲ್ ತಿಂಗಳು. ಕುಂಬಳೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ಅಂಗಿ ಬೆನ್ನಿಗೆ ಅಂಟಿತ್ತು. ಸೆಕೆ ನನಗೂ ಆಗಿತ್ತು, ಅದನ್ನು ಯಾರೂ ವಿಚಾರಿಸಲಿಲ್ಲ. ಇದು ಕಾಸರಗೋಡಿನ ಒಂದು ಕಚೇರಿ. ಯಾವುದು ಅಂತ ಹೇಳುವುದಿಲ್ಲ. ನನ್ನ ಇನ್ನೊಂದು ಅರ್ಜಿ ಇನ್ನೂ ಅಲ್ಲೇ ಇದೆ.

ಸಾಹೇಬರು ಕಾರಣವನ್ನೂ ಹೇಳಿದರು. "ನಿಮ್ಮ ಕನ್ನಡ ಅರ್ಜಿ ತೆರೆದ ಮೇಲೆಯೇ ಹೀಗಾದದ್ದು. ಕನ್ನಡ ಅಕ್ಷರಕ್ಕೆ ಲೋಡ್ ಜಾಸ್ತಿ. ಒತ್ತು, ದೀರ್ಘ ಎಲ್ಲ ಉಂಟಲ್ಲ."

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕನ್ನಡ ಏನೇನೋ ಮಾತು ಕೇಳಿದೆ. ಪ್ರೊಸೆಸರ್ ಬಿಸಿ ಮಾಡುತ್ತದೆ ಎಂಬ ಅಪವಾದ ಮಾತ್ರ ಇದೇ ಮೊದಲು. ಒತ್ತಕ್ಷರಕ್ಕೆ ಅಷ್ಟು ಕಾವು ಇದ್ದಿದ್ದರೆ ನಾವು ಸ್ನಾನದ ನೀರನ್ನು ವ್ಯಾಕರಣ ಪುಸ್ತಕದ ಮೇಲೆ ಇಟ್ಟೇ ಕಾಯಿಸುತ್ತಿದ್ದೆವು.

ಈ ಸೆಕೆಗೆ ಮದ್ದು ಏನು ಅಂತ ಹಿಂದಿನ ವರ್ಷವೇ ಮೀಟಿಂಗ್ ಆಗಿತ್ತಂತೆ. ಕೂಲಿಂಗ್ ಪ್ಯಾಡ್, ಅಂದರೆ ಲ್ಯಾಪ್‌ಟಾಪಿನ ಅಡಿಗೆ ಇಡುವ ಫ್ಯಾನಿನ ಮಣೆ, ತರಿಸುವುದು ಅಂತ ತೀರ್ಮಾನ. ಮೂರು ಅಂಗಡಿಗಳಿಂದ ಕೊಟೇಶನ್. ಕಡಿಮೆ ದರದವರಿಗೆ ಆರ್ಡರ್. ಫೈಲು ಹೊರಟದ್ದು ಮಾವಿನ ಮಿಡಿಯ ಕಾಲದಲ್ಲಿ. ಪ್ಯಾಡ್ ಬಂದದ್ದು ಮರುವರ್ಷದ ಮಿಡಿ ಉಪ್ಪಿಗೆ ಹಾಕುವಾಗ. ಬಂದ ದಿನವೇ ಅದರ ಮೂಲೆಗೆ ಬಿಳಿ ಪೈಂಟಿನಲ್ಲಿ ನಂಬರ್ ಬರೆದು ಸ್ಟಾಕ್ ರಿಜಿಸ್ಟರಿಗೆ ಏರಿಸಿದರು.

ಐದು ಫ್ಯಾನು, ನೀಲಿ ಲೈಟು. ನೋಡಲಿಕ್ಕೆ ಚಂದ, ಜಾತ್ರೆಯ ಐಸ್‌ಕ್ರೀಮ್ ಗಾಡಿಯ ಹಾಗೆ. ಆದರೆ ಇಳಿಜಾರಾದ ಕಬ್ಬಿಣದ ಜಾಲರಿ, ಲ್ಯಾಪ್‌ಟಾಪ್ ಜಾರುತ್ತಿತ್ತು. ಜಾರದಿರಲಿ ಅಂತ ಸಾಹೇಬರು ನಡುವೆ ಒಂದು ಬೈರಾಸು ಹಾಸಿದ್ದರು, ನಾಲ್ಕು ಮಡಿಕೆ ಮಡಚಿ. ಕೆಳಗೆ ಐದು ಫ್ಯಾನು ಬುರ್ ಅಂತ ಬೀಸುತ್ತಿವೆ. ಗಾಳಿ ಬೈರಾಸಿಗೆ ತಾಗಿ ವಾಪಸ್. ಮೇಲೆ ಲ್ಯಾಪ್‌ಟಾಪು ತನ್ನ ಕಿಂಡಿಗಳನ್ನು ದಪ್ಪ ಬಟ್ಟೆಗೆ ಒತ್ತಿಕೊಂಡು ಉಸಿರು ಕಟ್ಟಿ ಕೂತಿದೆ.

ಹೆಚ್ಚಿನ ಲ್ಯಾಪ್‌ಟಾಪುಗಳು ಉಸಿರು ಎಳೆಯುವುದು ಹೊಟ್ಟೆಯ ಅಡಿಯಿಂದ. ಬಿಸಿ ಗಾಳಿ ಬಿಡುವುದು ಪಕ್ಕದಿಂದ, ಇಲ್ಲವೇ ಸ್ಕ್ರೀನಿನ ಕೀಲಿನ ಹತ್ತಿರ. ಎಲ್ಲದಕ್ಕೂ ಫ್ಯಾನ್ ಇರುತ್ತದೆ ಅಂತಲೂ ಇಲ್ಲ. 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಗಾಳಿ ಇರುವುದು ಹೆಸರಲ್ಲಿ ಮಾತ್ರ. ಕಚೇರಿಯದ್ದು ಅಂಥದ್ದಲ್ಲ, ಮಾಮೂಲಿ. ಮರುದಿನ ಸಾಹೇಬರ ಅಪ್ಪಣೆ ಕೇಳಿ ಬೈರಾಸು ತೆಗೆದು ಅಡಿಯನ್ನು ನೋಡಿದೆ. ಕಿಂಡಿ ಇದ್ದದ್ದು ಎಡಬದಿಯ ಮೂಲೆಯಲ್ಲಿ, ಒಂದು ಅಂಗೈಯಗಲ. ಪ್ಯಾಡಿನ ದೊಡ್ಡ ಫ್ಯಾನು ಇದ್ದದ್ದು ನಟ್ಟನಡುವೆ. ಗಾಳಿ ಧಾರಾಳ ಬರುತ್ತದೆ, ಬೇಕಾದ ಕಡೆಗೆ ಮಾತ್ರ ಬರುವುದಿಲ್ಲ. ಪ್ರತಿ ನವೆಂಬರಿನಲ್ಲಿ ಬೆಂಗಳೂರಿನಿಂದ ನಮ್ಮ ಕಡೆಗೆ ಬೀಸುವ ಭಾಷಣಗಳು ನೆನಪಾದವು.

ಇನ್ನೊಂದು ಚಂದ ಕೇಳಿ. ಪ್ಯಾಡಿಗೆ ಕರೆಂಟು ಎಲ್ಲಿಂದ? ಅದೇ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ. ಹಳೇ ಯುಎಸ್‌ಬಿ 2.0 ಕೊಡುವುದು ಹೆಚ್ಚೆಂದರೆ ಎರಡೂವರೆ ವ್ಯಾಟ್. ಅಷ್ಟರಲ್ಲೇ ಐದು ಫ್ಯಾನು ತಿರುಗಬೇಕು, ನೀಲಿ ಲೈಟೂ ಉರಿಯಬೇಕು. ಜ್ವರ ಬಂದವನ ಕೈಗೇ ಬೀಸಾಳೆ ಕೊಟ್ಟು, ನೀನೇ ಬೀಸಿಕೋ ಮಾರಾಯ ಅಂದ ಹಾಗೆ.

ಪ್ಯಾಡಿನ ಮೇಲೆ ನನಗೇನೂ ದ್ವೇಷ ಇಲ್ಲ. ಕಿಂಡಿಗೂ ಫ್ಯಾನಿಗೂ ನೇರಾನೇರ ಕೂಡಿಬಂದರೆ ಕೆಲವು ಡಿಗ್ರಿ ಇಳಿಯುತ್ತದೆ. ಗೇಮ್ ಆಡುವ ಹುಡುಗರ ಬಿಸಿ ಯಂತ್ರಗಳಿಗೆ ಉಪಕಾರ ಉಂಟು. ಆದರೆ ಹೆಚ್ಚಾಗಿ ಆ ಉಪಕಾರದ ದೊಡ್ಡ ಪಾಲು ಬರುವುದು ಲ್ಯಾಪ್‌ಟಾಪಿನ ಅಡಿ ಮೇಜಿನಿಂದ ಮೇಲೆ ಎದ್ದದ್ದರಿಂದ. ಅದಕ್ಕೆ ಹಿಂಬದಿಗೆ ಎರಡು ಮರದ ತುಂಡು ಸಾಕು. ಮರದ ತುಂಡಿಗೆ ಕೊಟೇಶನ್ ಕರೆಯಲಿಕ್ಕೆ ಆಗುವುದಿಲ್ಲ ಅಲ್ವಾ, ಅಲ್ಲೇ ತೊಂದರೆ. ಮತ್ತೆ, ಪ್ಯಾಡು ಬೀಸುವುದು ಆ ಕೋಣೆಯ ಗಾಳಿಯನ್ನೇ. ಧೂಳು ಬರುತ್ತದೆ ಅಂತ ಕಿಟಕಿ ಮುಚ್ಚಿದ ಕೋಣೆಯಲ್ಲಿ 35 ಡಿಗ್ರಿ ಇದ್ದರೆ, ಅದು ಬೀಸುವುದೂ 35 ಡಿಗ್ರಿಯನ್ನೇ.

ಕಿಟಕಿ ಮುಚ್ಚಿಯೂ ಧೂಳು ಎಲ್ಲಿ ಹೋಗಿತ್ತು ಅಂತ ಗೊತ್ತಾದದ್ದು ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ. ಅಲ್ಲಿನ ಹುಡುಗ ತನ್ನ ಹಳೇ ಲ್ಯಾಪ್‌ಟಾಪನ್ನು ಬಿಚ್ಚಿ ಇಟ್ಟಿದ್ದ. ಫ್ಯಾನಿಗೂ ತಾಮ್ರದ ತೆಳು ಹಲ್ಲುಗಳಿಗೂ ನಡುವೆ ಬೂದು ಬಣ್ಣದ ಒಂದು ಪದರ. ಇಕ್ಕಳದಲ್ಲಿ ಹಿಡಿದು ಎಳೆದ. ತುಂಡಾಗದೆ ಬಂತು, ದೇವರ ದೀಪಕ್ಕೆ ಹೊಸೆದ ಬತ್ತಿಯ ಹಾಗೆ. ಫ್ಯಾನು ತಿರುಗದ ಹಾಗೆ ಬೆರಳಲ್ಲಿ ಒತ್ತಿ ಹಿಡಿದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಳಿದದ್ದನ್ನು ತೆಗೆದ. ಪ್ರೊಸೆಸರ್ ಚಿಪ್ಪಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಪೇಸ್ಟು ಒಣಗಿ ವೀಳ್ಯದ ಡಬ್ಬಿಯ ಸುಣ್ಣದಂತೆ ಗಟ್ಟಿಯಾಗಿತ್ತು. ಒರೆಸಿ, ಬಟಾಣಿಯಷ್ಟು ಹೊಸತು ಹಾಕಿದ.

"100 ಡಿಗ್ರಿ ಹತ್ತಿರ ಹೋದ್ರೆ ಅದೇ ಸ್ಲೋ ಆಗ್ತದೆ ಮಾಷೇ, ಸುಟ್ಟು ಹೋಗ್ಬಾರ್ದಲ್ಲ" ಅಂದ. "ಮೇಲಿನವ್ರದ್ದೂ ಅಷ್ಟೇ ಇರ್ಬೇಕು. ಈ ಧೂಳು ನೋಡಿ, ಎಷ್ಟು ವರ್ಷದ್ದೋ!"

ಅದಕ್ಕೇನು ದೊಡ್ಡದು ಮಾರಾಯ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ವರದಿ ಹೇಳಿದ್ದು 1967ರಲ್ಲಿ. ಧೂಳು ಅಂದರೆ ಅದರ ಮೇಲಿನದ್ದು.

ಮೇಲೆ ಹೋಗಿ ಸಾಹೇಬರಿಗೆ ವಿಷಯ ಹೇಳಿದೆ. ಅರ್ಧ ಗಂಟೆಯ ಕೆಲಸ, ಹುಡುಗ ಬಂದು ಮಾಡಿಕೊಡುತ್ತಾನೆ ಅಂದೆ. ಅವರು ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದರು. "ಸರ್ಕಾರಿ ಸೊತ್ತು ಮಾಷ್ಟ್ರೇ! ಹೊರಗಿನವರು ಬಿಚ್ಚಲಿಕ್ಕೆ ಇಲ್ಲ. ಪ್ಯಾಡ್ ತರಿಸುವುದು ಖರೀದಿ, ಅದಕ್ಕೆ ಫಂಡ್ ಇತ್ತು. ಕ್ಲೀನ್ ಮಾಡಿಸುವುದು ರಿಪೇರಿ. ಅದಕ್ಕೆ ಫಂಡ್ ಇಲ್ಲ."

ಹಾಗಾದರೆ ಬೈರಾಸನ್ನಾದರೂ ತೆಗೆಯಿರಿ ಅಂದೆ. "ಅದು ನನ್ನ ಸ್ವಂತದ್ದು" ಅಂದರು, ಅಭಿಮಾನದಿಂದ.

ಮೊನ್ನೆ ಪುನಃ ಹೋಗಿದ್ದೆ. ಲ್ಯಾಪ್‌ಟಾಪು ಮೇಜಿನ ಮೇಲೆ ಇತ್ತು, ಅಡಿಯಲ್ಲಿ ಅದೇ ಬೈರಾಸು. ಕೂಲಿಂಗ್ ಪ್ಯಾಡ್ ಅಲ್ಲಿರಲಿಲ್ಲ. ಹುಡುಕಿದರೆ ಸ್ಟಾಕ್ ರಿಜಿಸ್ಟರಿಗೆ ಒರಗಿ ನೆಟ್ಟಗೆ ನಿಂತಿತ್ತು, ಸಾಹೇಬರ ಮುಖಕ್ಕೆ ನೇರ. ಐದೂ ಫ್ಯಾನು ತಿರುಗುತ್ತಿದ್ದವು. ಅವರ ಕೂದಲು ಮೆಲ್ಲಗೆ ಹಾರುತ್ತಿತ್ತು, ಕೆನ್ನೆ ನೀಲಿಯಾಗಿ ಹೊಳೆಯುತ್ತಿತ್ತು.

"ಪ್ಯಾಡ್ ಒಳ್ಳೇದುಂಟು ಮಾಷ್ಟ್ರೇ" ಅಂದರು. "ಇನ್ನೂ ಆರು ಬೇಕು ಅಂತ ಬರೆದಿದ್ದೇನೆ. ನಿಮ್ಮದನ್ನು ಊಟ ಆಗಿ ನೋಡುವ."