ನಾನೇ ನಾನು ಅನ್ನುವುದಕ್ಕೆ ಒಂದು ಸರ್ಟಿಫಿಕೇಟು

ಕೊಚ್ಚಿಯಲ್ಲಿ ಬಿನಾಲೆ ಅನ್ನುವ ಕಲಾಪ್ರದರ್ಶನ ನೋಡಿ ಬಂದ ಅಳಿಯ ಒಂದು ವಾರದಿಂದ ಅದೇ ರಾಗ ಎಳೆಯುತ್ತಿದ್ದಾನೆ. "ಮಾವ, ಸರ್ರಿಯಲಿಸಂ! ಮಿಕ್ಸೆಡ್ ಮೀಡಿಯಾ! ಮನುಷ್ಯನ ಐಡೆಂಟಿಟಿ ಚೂರುಚೂರಾಗಿದೆ ಅಂತ ಅರ್ಥ." ಸರ್ರಿಯಲಿಸಂ ಅಂದರೆ ಕನಸಿನ ಹಾಗೆ ಸಂಬಂಧ ಇಲ್ಲದ್ದನ್ನೆಲ್ಲ ಜೋಡಿಸುವ ಕಲೆಯಂತೆ. ಮೊಬೈಲಲ್ಲಿ ತೋರಿಸಿದ. ಹರಿದ ಕಾಗದ, ತಂತಿ, ಅರ್ಧ ಕಣ್ಣು, ಮೇಲೊಂದು ಸೀಲು.

ಇಷ್ಟಕ್ಕೆ ಕೊಚ್ಚಿಗೆ ಹೋಗ್ಬೇಕಿತ್ತಾ ಮಾರಾಯ? ನನ್ನ ಕಪಾಟಿನಲ್ಲೇ ಒಂದು ಪ್ಲಾಸ್ಟಿಕ್ ಫೈಲು ಉಂಟು.

ಆಧಾರ್ ಕಾರ್ಡಿನಲ್ಲಿ ನಾನು ಈಶ್ವರ. ರೇಷನ್ ಕಾರ್ಡಿನಲ್ಲಿ ಬಾಲ ಬೆಳೆದು ಈಶ್ವರನ್. ಜಾಗದ ಆಧಾರದಲ್ಲಿ (ಆ ಆಧಾರ್ ಬೇರೆ, ಈ ಆಧಾರ ಬೇರೆ; ಇದು ಜಾಗದ ದಸ್ತಾವೇಜು, ನಮ್ಮ ಕಾಸರಗೋಡಿನವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ) ಈಶ್ವರ ಭಟ್ಟ. ಇಂಗ್ಲಿಷಿನಲ್ಲಿ ಒಂದು ಕಡೆ 'ಐ'ಯಿಂದ ಶುರು, ಇನ್ನೊಂದು ಕಡೆ 'ಇ'ಯಿಂದ. ತೋಟಕ್ಕೆ ಪಂಪ್ ಹಾಕಿಸಲು ಸಾಲ ಕೇಳಿದರೆ, ಇವರೆಲ್ಲ ಒಬ್ಬರೇ ಅಂತ ಬರೆಸಿ ತನ್ನಿ ಅಂದರು. ಅದಕ್ಕೂ ಒಂದು ಪತ್ರ ಉಂಟು ಕೇರಳದಲ್ಲಿ: ಒನ್ ಆಂಡ್ ಸೇಮ್ ಸರ್ಟಿಫಿಕೇಟ್. ತಮಾಷೆ ಅಲ್ಲ, ಹೆಸರೇ ಅದು.

1925ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಈ ಸರ್ರಿಯಲಿಸಂ ಶುರು ಮಾಡಿದ ಕವಿ ಆಂದ್ರೆ ಬ್ರೆತೋನ್ ಮತ್ತವನ ಗೆಳೆಯರು ಒಂದು ಆಟ ಆಡುತ್ತಿದ್ದರಂತೆ. ಒಬ್ಬ ತಲೆ ಬರೆದು ಕಾಗದ ಮಡಚಿ ದಾಟಿಸುವುದು. ಮುಂದಿನವ ತಲೆ ನೋಡದೆ ಹೊಟ್ಟೆ ಬರೆಯುವುದು. ಮೂರನೆಯವ ಕಾಲು. ಬಿಡಿಸಿ ನೋಡಿದರೆ ಎಲ್ಲೂ ಇಲ್ಲದ ಪ್ರಾಣಿ. ಅವರು ನಗಲಿಕ್ಕೆ ಮಾಡಿದ್ದು. ನಮ್ಮಲ್ಲಿ ಅದೇ ಕೆಲಸಕ್ಕೆ ಮೂರು ಮೇಜು, ಮೂರು ಸಂಬಳ.

ಅದೇ ಪಂಥದ ಚಿತ್ರಕಾರ, ಬೆಲ್ಜಿಯಂನ ಮ್ಯಾಗ್ರಿಟ್ 1964ರಲ್ಲಿ ಟೋಪಿ ಹಾಕಿದವನ ಮುಖಕ್ಕೆ ಹಸಿರು ಸೇಬು ಅಡ್ಡ ಇಟ್ಟು ಹೆಸರು ಮಾಡಿದ. ಪಾಪ, ಅವನಿಗೆ ಸೇಬಾದರೂ ಬೇಕಾಯಿತು. ನನ್ನ ಕಾರ್ಡನ್ನು ಫೋಟೋಸ್ಟಾಟಿನ ಮೇಲೆ ಫೋಟೋಸ್ಟಾಟ್ ಮಾಡಿ ಮುಖ ಸುಟ್ಟ ಹಲಸಿನ ಹಪ್ಪಳ ಆಗಿದೆ.

ನನ್ನಜ್ಜಿ ಇವರಿಗೆಲ್ಲ ಗುರು. ಮದುವೆ ಆದದ್ದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ಕ್ಕೆ ಎದ್ದು ಒಲೆ ಹಚ್ಚುವಾಗ ಕೇರಳ. ಒಲೆ ಅದೇ, ಹೊಗೆ ಅದೇ. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ, ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು. ಅಜ್ಜಿ ಸಾಯುವವರೆಗೂ ಅದು ವರದಿಯಾಗಿಯೇ ಇತ್ತು. ಈಗಲೂ ಹಾಗೇ.

ಮೊನ್ನೆ ಆ ಸರ್ಟಿಫಿಕೇಟಿಗೆ ಹೋದ ಕೌಂಟರಿನಲ್ಲಿ ನೆರೆಮನೆಯ ಅಕ್ಕ ನಿಂತಿದ್ದರು. ಕನ್ನಡ ಪೇಪರನ್ನು ಜಾಹೀರಾತು ಸಹಿತ ಓದುವವರು. ಕೈಯಲ್ಲಿ ಮಲಯಾಳ ಫಾರಂ, ತಲೆಕೆಳಗಾಗಿ. ಕನ್ನಡದ್ದು ಉಂಟಾ ಅಂತ ಒಳಗಿದ್ದವರನ್ನು ಕೇಳಿದೆ. "ತೀರ್ನು" ಅಂದರು. ಮುಗಿದಿದೆಯಂತೆ. ಕಳೆದ ಸಲವೂ ಮುಗಿದಿತ್ತು. ಅದಕ್ಕೂ ಹಿಂದಿನ ಸಲ ಮುಗಿದಿತ್ತು. ಭಾಷಾ ಅಲ್ಪಸಂಖ್ಯಾತರು ಅಂತ ಭಾಷಣದಲ್ಲಿ ಮಾತ್ರ ಕರೆಯುವುದಾದರೆ ಬೇಡ, ಆ ಭಾಷಣದ ಖರ್ಚಲ್ಲಿ ನಾಲ್ಕು ಫಾರಂ ಅಚ್ಚು ಹಾಕಿಸಿ. ಎಪ್ಪತ್ತು ದಾಟಿದ ಹೆಂಗಸು, ತನ್ನ ಊರಲ್ಲೇ, ತನ್ನ ಹೆಸರು ಬರೆಯಲು ಬೇರೆಯವರ ಕೈ ಹಿಡಿಯಬೇಕು. ಸುಸ್ತಾಗಿದೆ ನನಗೆ.

ರಾತ್ರಿ ಅಳಿಯ ನನ್ನ ಫೈಲು ಬಿಡಿಸಿ ನೆಲದ ಮೇಲೆಲ್ಲ ಹರಡಿದ. ತುಂಬಾ ಹೊತ್ತು ನೋಡಿದ.

"ಮಾವ, ಇದಕ್ಕೆ ಫ್ರೇಮ್ ಹಾಕಿಸುವಾ?"

"ಈಗ ಬೇಡ ಮಾರಾಯ. ಸೋಮವಾರ ಒರಿಜಿನಲ್ ತರಲಿಕ್ಕೆ ಹೇಳಿದ್ದಾರೆ."