ಉಸುಕಿನ ಬಕೆಟ್ಟು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಸುಂಯ್ ಅಂತ ಓಡುತ್ತದೆ. ಅದರಲ್ಲಿ ಕೂತ ನನ್ನ ತೊಡೆಯ ಮೇಲಿನ ಕಡತ ಮಾತ್ರ ಆಮೆ. ಖಾಸಗಿ ಶಾಲೆಯೊಂದರ ಗುಮಾಸ್ತ ನಾನು. ಕಡತ ಮಾನ್ಯತೆ ನವೀಕರಣದ್ದು. ವಿದ್ಯಾಕಾಶಿ ಅಂದಮೇಲೆ ಯಾತ್ರೆ ತಪ್ಪೀತೇ? ಕಟ್ಟಡದ ಪ್ರಮಾಣಪತ್ರಕ್ಕೊಂದು ಕಟ್ಟೆ, ಅಗ್ನಿಶಾಮಕದ್ದೊಂದು ಗುಡಿ, ಎಲ್ಲಾ ಪ್ರದಕ್ಷಿಣೆ ಮುಗಿಸಿ ಗರ್ಭಗುಡಿಗೆ ಬಂದರೆ, "ಕೇಸ್ ವರ್ಕರ್ ಮೀಟಿಂಗಿಗೆ ಹೋಗ್ಯಾರ, ನಾಳೆ ಬರ್ರಿ."

ನಾವೂ ಸಾಧುಗಳಲ್ಲ ಬಿಡಿ. ಎರಡಂತಸ್ತಿನ ಮನೆಗೆ ‘ಇಂಟರ್‌ನ್ಯಾಷನಲ್’ ಅಂತ ಬೋರ್ಡು ಹಾಕಿಕೊಂಡವರು. ಆಟದ ಮೈದಾನ ಬೇಕು ಅಂದಾಗ ಓಣಿಯ ಖುಲ್ಲಾ ಜಾಗ ತೋರಿಸಿದೆವು. ಅದೇ ಜಾಗ ಇನ್ನೆರಡು ಶಾಲೆಗಳ ಕಡತದಲ್ಲೂ ಇದೆ. ಮೂರೂ ಫೋಟೋದಲ್ಲಿ ಅದೇ ಎಮ್ಮೆ. ಇಷ್ಟು ವರ್ಷವಾದರೂ ಆ ಎಮ್ಮೆಯ ಗುರುತು ಯಾರಿಗೂ ಹತ್ತಿಲ್ಲ.

2004ರಲ್ಲಿ ಕುಂಭಕೋಣದ ಶಾಲೆಯೊಂದಕ್ಕೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. 2009ರಲ್ಲಿ ಸುಪ್ರೀಂ ಕೋರ್ಟು ದೇಶದ ಶಾಲೆಗಳಿಗೆಲ್ಲ ಅಗ್ನಿ ಸುರಕ್ಷತೆ ಕಡ್ಡಾಯ ಅಂದಿತು. ದಿಲ್ಲಿಯಿಂದ ಹೊರಟ ಆ ತೀರ್ಪು ನಮ್ಮ ಓಣಿ ಮುಟ್ಟುವಷ್ಟರಲ್ಲಿ ಸವೆದು ಸವೆದು ಒಂದು ಕೆಂಪು ಬಕೆಟ್ಟಾಗಿತ್ತು.

ಸ್ಥಳ ಪರಿಶೀಲನೆಗೆ ಸಾಹೇಬರು ಬಂದದ್ದು ಜೂನಿನಲ್ಲಿ, ಜಿಟಿಜಿಟಿ ಮಳೆಯಲ್ಲಿ. ಹಿಂದಿನ ಮೆಟ್ಟಿಲ ಮೇಲೆ ಮುರಿದ ಬೆಂಚು ಒಟ್ಟಿದ್ದೆವು. ದಾಟಿಕೊಂಡೇ ಬಂದರು, ಕೈಯಲ್ಲಿದ್ದ ನಮೂನೆಯಲ್ಲಿ ಬೆಂಚಿಗೆ ಕಾಲಂ ಇರಲಿಲ್ಲ.

"ಉಸುಕಿನ ಬಕೆಟ್ ಎಷ್ಟವ?"

"ಮೂರು ಅವ್ರಿ ಸರ."

"ನಾಕು ಬೇಕು. ಇದೇನ್ರಿ, ಉಸುಕು ಹಸಿ ಐತಿ?"

"ಮಳಿ ಅಲ್ರಿ ಸರ. ಬೆಂಕಿ ಹತ್ತಿದ್ರ ಆರಸಾಕ ಹಸೀದs ಛಲೋ."

ಸಾಹೇಬರು ನಗಲಿಲ್ಲ. ಷರಾ ಬರೆಯಲು ಪೆನ್ನು ತೆಗೆದರು. ಷರಾ ಬಿದ್ದರೆ ಮತ್ತೆ ಚಿಗರಿ, ಮತ್ತೆ ಕಾಶಿ. ಅಷ್ಟರಲ್ಲಿ ಮಾನ್ಯತೆ ಮುಗಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಂ ಕಾದು ಕೂತಿದೆ: 1 ಲಕ್ಷ ರೂಪಾಯಿವರೆಗೆ ದಂಡ, ಆಮೇಲೂ ಶಾಲೆ ನಡೆದರೆ ದಿನಕ್ಕೆ 10,000. "ಚಾ ಕುಡೀರಿ ಸರ, ನಾಲ್ಕನೇದು ತೊಳಿಯಾಕ ಹೋಗೈತಿ" ಅಂತ ಸಾಹೇಬರನ್ನು ಕೂಡಿಸಿ, ಸಿಪಾಯಿಯನ್ನು ಕಾಂಪೌಂಡ್ ಆಚೆಯ ಸರ್ಕಾರಿ ಶಾಲೆಗೆ ಓಡಿಸಿದೆ.

ಆ ಶಾಲೆಗೆ ಈ ಯಾತ್ರೆ ಇಲ್ಲ. ಅದೇ 18ನೇ ಕಲಂ ಪ್ರಕಾರ ಮಾನ್ಯತೆ ಪತ್ರ ಬೇಕಾದದ್ದು ಸರ್ಕಾರದ್ದಲ್ಲದ, ಸ್ಥಳೀಯ ಸಂಸ್ಥೆಯದ್ದೂ ಅಲ್ಲದ ಶಾಲೆಗೆ. ತನ್ನ ಮದುವೆಗೆ ತಾನೇ ಸಾಕ್ಷಿ ಹಾಕಿಕೊಂಡಂತೆ, ಸರ್ಕಾರಕ್ಕೆ ಸರ್ಕಾರವೇ ಮಾನ್ಯ.

ಸಿಪಾಯಿ ತೊಯ್ಸಿಕೊಂಡು ಬರಿಗೈಯಲ್ಲಿ ಬಂದ.

"ಹೆಡ್ ಮಾಸ್ತರು ಕೊಡಂಗಿಲ್ಲ ಅಂದ್ರೇನೋ?"

"ಇದ್ರ ಕೊಡತಿದ್ರರಿ. ಇರೋ ಬಕೆಟ್ಟೆಲ್ಲಾ ವರ್ಗದಾಗ ಸೋರೋ ಕಡೆ ಇಟ್ಟಾರ. ನಮ್ಮವು ಮೂರು ಖಾಲಿ ಇದ್ರ ಕೊಡ್ರಿ ಅಂತ ಅವರs ಕೇಳಿ ಕಳಿಸ್ಯಾರ."