ಸೊನ್ನೆಯಲ್ಲೇ ನಿಂತ ಅಡಿಕೆ

ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯಲ್ಲಿ ಅಡಿಕೆ ಚೀಲಗಳ ತೂಕವನ್ನು ಹಳೆಯ ಡೈರಿಯಲ್ಲಿ ಬರೆದಿಡುವುದು ವಾಡಿಕೆ. ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗನಿಗೆ ಅದು ಸರಿಬರದೆ, ಪೈಥಾನ್ ಭಾಷೆಯಲ್ಲಿ ವಿಂಡೋ, ಬಟನ್ ಕಟ್ಟಲು ಇರುವ ಟಿಕಿಂಟರ್ ಎಂಬ ಸಲಕರಣೆ ಬಳಸಿ ಒಂದು ವಿಂಡೋ ಸಿದ್ಧಪಡಿಸಿದ: ತೂಕ ಟೈಪ್ ಮಾಡಲು ಒಂದು ಖಾನೆ, ‘ಕೂಡಿಸು’ ಎಂಬ ಬಟನ್, ಕೆಳಗೆ ದಪ್ಪ ಅಂಕಿಗಳಲ್ಲಿ ಒಟ್ಟು ತೂಕ.

ಅಣ್ಣ ಕನ್ನಡಕ ಏರಿಸಿಕೊಂಡು 65 ಎಂದು ಟೈಪ್ ಮಾಡಿ ಬಟನ್ ಒತ್ತಿದ. ಒಟ್ಟು ಸೊನ್ನೆ. ಮತ್ತೆ ಒತ್ತಿದ, ಸೊನ್ನೆ. ಮೌಸ್‌ನದೇ ದೋಷವೆಂದು ಅದನ್ನು ಪಂಚೆಯ ಅಂಚಿಗೆ ಒರೆಸಿ, ಸಿಟ್ಟಿನಿಂದ ಇನ್ನಷ್ಟು ಸಲ ಒತ್ತಿದ. ಬಟನ್ ಒತ್ತಿದಾಗ ಓಡಲೆಂದು ಕೊಟ್ಟಿಟ್ಟ ಫಂಕ್ಷನ್ ಅಂದರೆ ಕಾಲ್‌ಬ್ಯಾಕ್, ಪ್ರತಿ ಸಲವೂ ನಿಷ್ಠೆಯಿಂದ ಓಡಿ ಒಂದೇ ಚೀಲವನ್ನು ಮತ್ತೆ ಮತ್ತೆ ಮೊತ್ತ ಇಟ್ಟುಕೊಳ್ಳುವ ವೇರಿಯಬಲ್‌ಗೆ ಕೂಡಿಸುತ್ತಲೇ ಇತ್ತು. ಒಟ್ಟು ತೋರಿಸುವ ಲೇಬಲ್ ಮಾತ್ರ ವಿಂಡೋ ತೆರೆದಾಗಿನ ಸೊನ್ನೆಯನ್ನು ಒಮ್ಮೆ ನಕಲು ಮಾಡಿಕೊಂಡು ಸುಮ್ಮನೆ ಕುಳಿತಿತ್ತು. ಮಂಡಿಯ ಹಲಗೆಯ ಮೇಲೆ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆದ ರಾಶಿ ಇಡಿ ಅಡಿಕೆಯ ದರ, ಒಳಗೆ ವ್ಯಾಪಾರ ಎಷ್ಟೇ ಏರಿದರೂ, ಯಾರಾದರೂ ಬಂದು ಒರೆಸಿ ಬರೆಯದೆ ಬದಲಾದೀತೆ?

ಟಿಕಿಂಟರ್‌ನ ಬುಡವಾದ ಟಿಕೆಯನ್ನು ಜಾನ್ ಔಸ್ಟರ್‌ಹೌಟ್ ಹೊರತಂದದ್ದು 1991ರಲ್ಲಿ. ನಮ್ಮ ಹುಡುಗನಿಗಿಂತ ಹಿರಿಯದಾದ್ದರಿಂದ ಮದ್ದನ್ನೂ ತನ್ನಲ್ಲೇ ಇಟ್ಟುಕೊಂಡಿದೆ. ಸಾದಾ ವೇರಿಯಬಲ್ ಬದಲು, ತಾನು ಬದಲಾದದ್ದನ್ನು ಲೇಬಲ್‌ಗೆ ತಿಳಿಸುವ ಡಬಲ್‌ವಾರ್ ಎಂಬುದನ್ನು ಲೇಬಲ್‌ನ ಟೆಕ್ಸ್ಟ್‌ವೇರಿಯಬಲ್ ಎಂಬ ಆಯ್ಕೆಗೆ ಜೋಡಿಸಿ, ಕಾಲ್‌ಬ್ಯಾಕ್‌ನೊಳಗೆ ಹೊಸ ಮೊತ್ತವನ್ನು ‘ಸೆಟ್’ ಮಾಡಿದರೆ ತೆರೆಯ ಅಂಕಿ ತಾನಾಗಿ ಬದಲಾಗುತ್ತದೆ. (ಬಟನ್‌ನ ‘ಕಮಾಂಡ್’ಗೆ ಫಂಕ್ಷನ್ ಕೊಡುವಾಗ ಹೆಸರಿನ ಕೊನೆಗೆ ಆವರಣ ಚಿಹ್ನೆ ಹಾಕಬಾರದು, ಹಾಕಿದರೆ ಬಟನ್ ತಯಾರಾಗುವಾಗಲೇ ಫಂಕ್ಷನ್ ಓಡಿ ಮುಗಿದು, ಆಮೇಲೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಹುಡುಗ ಅದನ್ನೂ ಮಾಡಿ ಮುಗಿಸಿದ್ದ.)

ಅಲ್ಲಿಗೆ ಬಿಡಬಹುದಿತ್ತು. ‘ಇನ್ನು ಬಟನ್ನೇ ಬೇಡ ಅಪ್ಪಯ್ಯ’ ಎಂದು ಹುಡುಗ ಖಾನೆಯ ವೇರಿಯಬಲ್‌ಗೆ ಟ್ರೇಸ್ ಹಾಕಿ, ಅದು ಬದಲಾದಾಗಲೆಲ್ಲ ಕಾಲ್‌ಬ್ಯಾಕ್ ಓಡುವಂತೆ ಮಾಡಿದ. ಬರೆಯುವವರು ಬರೆದು ಮುಗಿಸಲಿ ಎಂದು ಕಾಯುವ ವ್ಯವಧಾನ ಟ್ರೇಸ್‌ಗೆ ಇಲ್ಲ. ಅಣ್ಣ 6 ಒತ್ತಿದ, 6 ಕೂಡಿತು. 5 ಒತ್ತಿದ, ಖಾನೆಯಲ್ಲಿ 65 ಆಗಿ ಅದೂ ಕೂಡಿ, ಚೀಲ 71 ಕಿಲೋ ತೂಗಿತು. ಎಲ್ಲೋ ತಪ್ಪಿತೆಂದು 5ನ್ನು ಅಳಿಸಿದರೆ, ಉಳಿದ 6 ಮತ್ತೊಮ್ಮೆ ಸೇರಿ 77.

ಸರಿಪಡಿಸಲು ಹುಡುಗ ಲ್ಯಾಪ್‌ಟಾಪ್ ಎಳೆದುಕೊಂಡಾಗ ಅಣ್ಣ ಬಿಡಲಿಲ್ಲ. ‘ಇರಲಿ ಬಿಡೋ ಮಾರಾಯ, ಮಂಡಿಯವರ ತಕ್ಕಡಿಗೂ ಇದನ್ನೇ ಹಾಕಿಕೊಡು’ ಎಂದ.